ಅರಿವೆ ಕಟ್ಟಿದ ದಾಳಿಂಬೆ

ದೊಡ್ಡವ್ವನ ಬಲಗೈ ಹೆಬ್ಬೆರಳಿನ ಉಗುರು ನಟ್ಟನಡುವೆ ಸೀಳಿತ್ತು. ಮಗ್ಗದ ಮೇಲೆ ರೇಷ್ಮೆ ಎಳೆ ಹರಿದರೆ ಅದರ ತುದಿಯನ್ನು ಆ ಸೀಳಿಗೆ ಸಿಕ್ಕಿಸಿಕೊಂಡು, ಇನ್ನೊಂದು ತುದಿ ಹುಡುಕಿ ಗಂಟು ಹಾಕುತ್ತಿದ್ದಳು. ಹಿತ್ತಲಿಗೆ ಬಂದರೆ ಅದೇ ಉಗುರಿನಿಂದ ಗಿಡದ ಕುಡಿ ಚಿವುಟುತ್ತಿದ್ದಳು. ದವಾಖಾನೆಗೆ ತೋರಿಸಬಾರದೇ ಎಂದರೆ, "ಹುಚ್ಚಿ, ಇದು ಕೂಡಿಕೊಂಡ್ರ ನನ್ನ ಕೆಲಸನ ನಿಲ್ತೈತಿ" ಎಂದು ನಗುತ್ತಿದ್ದಳು.

ಅವಳು ನಮ್ಮ ಮನೆಯೊಡತಿ. ಐವತ್ತರ ದಶಕದ ಮೊದಲಲ್ಲಿ ನನ್ನ ಗಂಡನಿಗೆ ಇಳಕಲ್ಲಿನ ಸಾಲೆಯಲ್ಲಿ ಮಾಸ್ತರಿಕೆ ಸಿಕ್ಕಿತು. ಅವಳ ಮನೆಯ ಮುಂದಿನ ಎರಡು ಕೋಣೆ ಬಾಡಿಗೆಗೆ ಹಿಡಿದೆವು. ನಡುಮನೆಯಲ್ಲಿ ಅವಳ ಮಕ್ಕಳ ಮಗ್ಗಗಳು, ಹಿಂದೆ ಹಿತ್ತಲು. ಗಂಡ ತೀರಿ ಬಹಳ ವರ್ಷವಾಗಿತ್ತು. ಓಣಿಯ ಮಕ್ಕಳೆಲ್ಲ ದೊಡ್ಡವ್ವ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ.

ಹಿತ್ತಲೆಂದರೆ ಜೋಡಿ ಎತ್ತು ತಿರುಗಲಾರದಷ್ಟು ಜಾಗ. ಅಷ್ಟರಲ್ಲೇ ಪೇರಲ, ದಾಳಿಂಬೆ, ಸೀತಾಫಲ, ನಿಂಬೆ, ಅಂಜೂರ ಒಂದರ ಹೆಗಲಿಗೆ ಒಂದು ತಾಗಿ ನಿಂತಿದ್ದವು. ಪೇರಲದ ಮೇಲೆ ಹೀರೆಬಳ್ಳಿ, ಬುಡದಲ್ಲಿ ಪುದೀನ, ಬೇಲಿಗೆ ಕವಳಿಹಣ್ಣಿನ ಮುಳ್ಳುಗಿಡ. ಬಚ್ಚಲ ನೀರು, ನೂಲಿಗೆ ಹಚ್ಚಿ ಉಳಿದ ಗಂಜಿ, ಎಲ್ಲ ಅವುಗಳ ಪಾಲು. ಕಲ್ಲು ಕಾದು ಸುಡುವ ಆ ಊರಿನ ಬೇಸಿಗೆಯಲ್ಲಿ ಆ ಹಿತ್ತಲಿಗೆ ಕಾಲಿಟ್ಟರೆ ಜೀವ ತಣ್ಣಗಾಗುತ್ತಿತ್ತು.

ಯಾವ ಗಿಡವೂ ತಾನು ಎತ್ತಿದ ಕೈಗಿಂತ ಮೇಲೆ ಬೆಳೆಯಕೂಡದು ಎಂಬುದು ಅವಳ ಕಾನೂನು. ಒಮ್ಮೆ ಹೂ ಬಿಟ್ಟಿದ್ದ ಟೊಂಗೆಯನ್ನೇ ಕಡಿದು ಹಾಕಿದಳು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ.

"ಗಿಡಕ್ಕ ನೋವಾಗೂದಿಲ್ಲೇನು ದೊಡ್ಡವ್ವ?"

"ಆಕ್ಕೈತಿ. ಆದ್ರ ನಾ ಮುದುಕಿ ಆದಮ್ಯಾಲೆ ಯಾರು ಏರಿ ಹರಿದು ಕೊಡ್ತಾರ? ಕೈಗೆ ಸಿಗಲಾರದ್ದು ಕಾಗಿ ಪಾಲು."

ಅಳಿಲು, ಗಿಳಿಗಳ ಕಾಟಕ್ಕೆ ಒಂದೊಂದು ದಾಳಿಂಬೆಗೂ ಸೀರೆಯ ತುಂಡು, ಕುಪ್ಪಸದ ಖಣದ ಚೂರು ಸುತ್ತಿ ಕಟ್ಟುತ್ತಿದ್ದಳು. ನಮ್ಮ ಅತ್ತೆ ಮೊದಲ ಸಲ ಊರಿಂದ ಬಂದಾಗ ಕೆಂಪು, ಹಸಿರು ಗಂಟುಗಳನ್ನು ನೋಡಿ, ಹರಕೆ ಕಟ್ಟಿದ ಗಿಡವೆಂದು ಭಾವಿಸಿ ಸೆರಗು ಹೊದ್ದು ಕೈಮುಗಿದೇಬಿಟ್ಟರು. ನಾನು ನಗು ತಡೆಯಲಾಗದೆ ಒಳಗೆ ಓಡಿದೆ. ದೊಡ್ಡವ್ವ ಮಾತ್ರ ಗಂಭೀರವಾಗಿ, "ಮುಗೀರಿ, ಮುಗೀರಿ. ಕೊಡೂದು ಅದ ಅಲ್ಲೇನ್ರಿ" ಎಂದಳು.

ಆ ಮನೆಯಿಂದ ಎರಡು ಸಲ ನಾನು ಬಾಣಂತನಕ್ಕೆಂದು ತವರೂರು ಬಾದಾಮಿಗೆ ಹೋದೆ. ಎರಡು ಸಲವೂ ಬರಿ ಮಡಿಲಲ್ಲಿ ತಿರುಗಿ ಬಂದೆ. ದೊಡ್ಡವ್ವ ಸಮಾಧಾನದ ಮಾತು ಹೇಳಲಿಲ್ಲ. ದಿನಾ ಸಂಜೆ ಹಿತ್ತಲಿಗೆ ಕರೆದು, ಕೈಗೆ ಅರಿವೆ ಚೂರು ಕೊಟ್ಟು, "ಕಟ್ಟು" ಎನ್ನುತ್ತಿದ್ದಳು. ಕಟ್ಟುತ್ತ ಕಟ್ಟುತ್ತ ಅಳುತ್ತಿದ್ದೆ, ಅವಳು ನೋಡದಂತೆ ಇರುತ್ತಿದ್ದಳು.

ಮೂರನೆಯ ಸಲ ಹೊರಡುವ ದಿನ ಉಡಿ ತುಂಬಲು ಓಣಿಯ ಮುತ್ತೈದೆಯರು ನೆರೆದರು. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಖಣ, ಎಲ್ಲ ನನ್ನ ಸೆರಗಿಗೆ ಬಿತ್ತು. ಅತ್ತೆ ಕಿವಿಯಲ್ಲಿ ಹೇಳಿದರು: "ಎರಡೂ ಸಲ ನೀ ಹೊಂಟಾಗ ಆಕಿ ಎದುರು ಬಂದಿದ್ಲು. ಈ ಸಲ ಆಕಿ ನೆರಳೂ ಬೀಳಬಾರದು." ಆಕೆ ಎಂದರೆ ದೊಡ್ಡವ್ವ, ಹಣೆಗೆ ಕುಂಕುಮವಿಲ್ಲದವಳು. ನನ್ನ ಕೂಸುಗಳು ಹೋದದ್ದು ಅವಳಿಂದಲ್ಲ ಎಂದು ಚೀರಬೇಕೆನಿಸಿತು. ಕಾಲು ಹಿತ್ತಲ ಕಡೆ ನಡೆಯಿತು.

ಅವಳು ದಾಳಿಂಬೆಯ ಮರೆಯಲ್ಲಿ, ಯಾರ ಕಣ್ಣಿಗೂ ಬೀಳದಂತೆ ಕುಕ್ಕರಗಾಲಲ್ಲಿ ಕೂತಿದ್ದಳು.

"ಯಾಕ ಬಂದಿ? ಹೋಗ, ಬಸ್ ತಪ್ತೈತಿ."

"ನೀ ಉಡಿ ತುಂಬು, ಹೋಗ್ತೇನಿ."

"ನನ್ನ ಕೈ ನಡಿಯೂದಿಲ್ಲವ್ವಾ. ಎರಡ ಸಲ ಆತು. ಯಾರಿಗೆ ಗೊತ್ತು, ಖರೇನ ನನ್ನ ಕಾಲ್ಗುಣ ಇದ್ರ?"

ಅತ್ತೆಯ ಮಾತಿಗಿಂತ ಈ ಮಾತು ನನ್ನನ್ನು ಹೆಚ್ಚು ಸುಟ್ಟಿತು. ಅವಳೂ ನಂಬಿಬಿಟ್ಟಿದ್ದಳು! ನಾನು ಮೊದಲೇ ಹಟಮಾರಿ. ಉಡಿ ಒಡ್ಡಿ ನಿಂತೇ ಇದ್ದೆ. ಅವಳು ನನ್ನ ಮುಖ ನೋಡಿದಳು, ಬಾಗಿಲ ಕಡೆ ನೋಡಿದಳು. ಆಮೇಲೆ ಎದ್ದು, "ಒಂದ ಹೆಜ್ಜಿ ಈ ಕಡೆ ಸರಿ" ಎಂದು ನನ್ನನ್ನು ಟೊಂಗೆಯ ಕೆಳಗೆ ನಿಲ್ಲಿಸಿ, ತಾನು ಗಿಡದ ಹಿಂದೆ ಹೋದಳು. ಸೊಂಟದಲ್ಲಿ ಸಿಕ್ಕಿಸಿದ್ದ ಮಗ್ಗದ ಕತ್ತರಿ ಎಲೆಗಳ ನಡುವೆ ಕಚಕ್ಕೆಂದಿತು. ದಾಳಿಂಬೆಯೊಂದು ಸುತ್ತಿದ ಖಣದ ಚೂರಿನ ಸಮೇತ ಬಂದು ನನ್ನ ಉಡಿಯಲ್ಲಿ ಬಿತ್ತು.

"ನೋಡವ್ವಾ, ಗಿಡ ಹಾಕೈತಿ. ನಾ ಏನೂ ಹಾಕಿಲ್ಲ." ಎಂದಳು ಗಿಡದ ಹಿಂದಿನಿಂದ.

ಇದೆಲ್ಲಿಂದ ಬಂತೆಂದು ಅತ್ತೆ ಕೇಳಿದರು. "ಗಿಡ ಹಾಕ್ತು" ಎಂದೆ. ಹರಕೆಯ ಗಿಡಕ್ಕೆ ಕೈಮುಗಿದವರಲ್ಲವೇ, ಹಣ್ಣನ್ನು ಕಣ್ಣಿಗೊತ್ತಿಕೊಂಡು ಮತ್ತೆ ನನ್ನ ಉಡಿಗೆ ಹಾಕಿದರು.

ಮಗಳು ಹುಟ್ಟಿದಳು, ಉಳಿದಳು. ಮುಂದೆ ಹುನಗುಂದಕ್ಕೆ ವರ್ಗವಾದಾಗ ದೊಡ್ಡವ್ವ ಅದೇ ದಾಳಿಂಬೆಯ ಟೊಂಗೆಗೆ ಸಗಣಿ ಮಣ್ಣು ಮೆತ್ತಿ, ಅರಿವೆ ಸುತ್ತಿ ಬೇರು ಬರಿಸಿ ಸಸಿ ಮಾಡಿಕೊಟ್ಟಳು. ಬಸ್ಸಿನಲ್ಲಿ ಒಂದು ತೊಡೆಯ ಮೇಲೆ ಕೂಸು, ಇನ್ನೊಂದರ ಮೇಲೆ ಸಸಿ.

ಅವಳು ತೀರಿದ ಸುದ್ದಿ ಬಂದಾಗ ಓಡಿಹೋದೆ. ನಾನು ಊರು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಹಿತ್ತಲಿಗೆ ಹೋಗಿ ನಿಂತೆ. ಅವಳು ಹಾಸಿಗೆ ಹಿಡಿದಿದ್ದ ತಿಂಗಳುಗಳಲ್ಲಿ ಗಿಡಗಳು ಅವಳ ಕೈ ಮೀರಿ ಬೆಳೆದಿದ್ದವು, ಅರಿವೆಯಿಲ್ಲದ ದಾಳಿಂಬೆಗಳನ್ನು ಗಿಳಿಗಳು ಅರ್ಧರ್ಧ ತಿಂದು ಬಿಟ್ಟಿದ್ದವು. ಅಲ್ಲೇ ಕೂತು ಮನಸಾರೆ ಅತ್ತುಬಿಟ್ಟೆ.

ಎಷ್ಟೋ ವರ್ಷಗಳ ಮೇಲೆ ನನ್ನ ಮಗಳ ಉಡಿ ತುಂಬುವ ದಿನ ಬಂತು. ಅಷ್ಟರಲ್ಲಿ ನನ್ನ ಹಣೆಯೂ ಬರಿದಾಗಿತ್ತು. ನೀವು ಒಳಗಿರ್ರಿ ಎಂದು ಯಾರೋ ಮೆಲ್ಲಗೆ ಹೇಳಿದರು. ಕತ್ತರಿ ತಗೊಂಡು, ಮಗಳ ಕೈ ಹಿಡಿದು ಹಿತ್ತಲಿಗೆ ನಡೆದೆ. ದೊಡ್ಡವ್ವ ಕೊಟ್ಟ ಸಸಿಯಿಂದ ಬೆಳೆದ ನನ್ನ ದಾಳಿಂಬೆಯೂ ಎತ್ತಿದ ಕೈಗಿಂತ ಮೇಲೆ ಹೋದದ್ದಲ್ಲ. ನಾನು ಗಿಡದ ಹಿಂದೆ ಹೋಗಲಿಲ್ಲ. ಹಿಂದೆಯೇ ಬಂದ ಎಲ್ಲರ ಕಣ್ಣೆದುರು ಹಣ್ಣು ಕತ್ತರಿಸಿ, ಅರಿವೆ ಸಮೇತ ಮಗಳ ಉಡಿಯಲ್ಲಿಟ್ಟೆ.

"ಇದು ಗಿಡ ಹಾಕಿದ್ದಲ್ಲವ್ವಾ," ಎಂದೆ, "ನಮ್ಮ ದೊಡ್ಡವ್ವ ಹಾಕಿದ್ದು."