ಅವಳು ಬಿಟ್ಟುಹೋದ ಟ್ಯಾರೋ ಕಾರ್ಡುಗಳು

ನನ್ನ ಗೆಳತಿ ನಲವತ್ತಾರನೆಯ ವಯಸ್ಸಿನಲ್ಲಿ ಮದುವೆಯಾಗಿ ಬಸವನ ಬಾಗೇವಾಡಿಗೆ ಹೋದಳು. ಮರುದಿನ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಎಲ್ಲರೂ ನನ್ನನ್ನು ಸುತ್ತುವರಿದು ಊಟ ಹೇಗಿತ್ತು, ಹುಡುಗ ಹೇಗಿದ್ದಾನೆ ಎಂದು ಕೇಳಿದರು. ಐವತ್ತು ದಾಟಿದವನನ್ನು ಹುಡುಗ ಎಂದದ್ದಕ್ಕೆ ಒಂದಿಬ್ಬರು ನಕ್ಕರು. ನಾನೂ ನಕ್ಕೆ. ಊಟ ಚೆನ್ನಾಗಿತ್ತು, ಹುಡುಗನೂ ಒಳ್ಳೆಯವನು ಎಂದೆ. ಎರಡೂ ನಿಜವೇ. ಅಷ್ಟರಲ್ಲಿ ಗಂಟೆ ಹೊಡೆಯಿತು. ನಾನು ಡಸ್ಟರ್ ತೆಗೆದುಕೊಂಡು ಪಿಯುಸಿ ಮಕ್ಕಳಿಗೆ ರಸಾಯನಶಾಸ್ತ್ರದ ಪಾಠ ಮಾಡಲು ಹೋದೆ.

ಗಂಡ ಸತ್ತರೆ ಜನ ಮನೆಗೆ ಬಂದು ಕೂರುತ್ತಾರೆ. ಮಗಳನ್ನು ಕೊಟ್ಟು ಕಳಿಸಿದ ತಾಯಿಗೂ ಒಂದು ಸಮಾಧಾನದ ಮಾತು ಸಿಗುತ್ತದೆ. ವರ್ಷಗಟ್ಟಲೆ ಒಂದೇ ಮನೆಯಲ್ಲಿ ಉಂಡು ಮಲಗಿದ ಗೆಳತಿ ಹೊರಟುಹೋದರೆ, ಉಳಿದವಳಿಗೆ ಏನು ಹೇಳಬೇಕೆಂದು ನಮ್ಮ ಕಡೆ ಯಾರಿಗೂ ಗೊತ್ತಿಲ್ಲ. ಹೇಳಿಸಿಕೊಳ್ಳಬೇಕಾದದ್ದು ಏನಾದರೂ ಇದೆಯೆಂದು ನನಗೂ ಆಗ ಅನಿಸಿರಲಿಲ್ಲ.

ನಾನು ಇಂಡಿಯವಳು. ನೌಕರಿಯ ಮೇಲೆ ಮುದ್ದೇಬಿಹಾಳಕ್ಕೆ ಬಂದಾಗ ಅವಳು ಅಲ್ಲಿ ಇಂಗ್ಲಿಷ್ ಕಲಿಸುತ್ತಿದ್ದಳು. ಒಂಟಿ ಹೆಂಗಸಿಗೆ ಬಾಡಿಗೆ ಮನೆ ಸಿಗುವುದು ಕಷ್ಟವೆಂದು ಇಬ್ಬರೂ ಸೇರಿ ಒಂದು ಮನೆ ಹಿಡಿದೆವು. ಕೆಳಗೆ ಮಾಲಕಿ ಇದ್ದರು, ತಲೆಮಾರುಗಳಿಂದ ಅದೇ ಓಣಿಯಲ್ಲಿದ್ದ ಮುಸ್ಲಿಂ ಮನೆತನದ ಹಿರಿಯ ಹೆಂಗಸು. ನಾವು ಅವರನ್ನು ಖಾಲಾ ಎಂದು ಕರೆಯುತ್ತಿದ್ದೆವು. ಮೇಲಿನ ಎರಡು ಕೋಣೆ ನಮ್ಮವು. ನನಗೆ ಮದುವೆಯ ಮನಸ್ಸಿರಲಿಲ್ಲ. ಅವಳಿಗೆ ಕೂಡಿಬಂದಿರಲಿಲ್ಲ. ಈ ವ್ಯತ್ಯಾಸವನ್ನು ನಾನು ಅಷ್ಟು ವರ್ಷ ಮರೆತೇ ಇದ್ದೆ.

ಜನ ಭವಿಷ್ಯ ಕೇಳಲು ಬಳಸುವ ಈ ಟ್ಯಾರೋ ಕಾರ್ಡುಗಳು ಅವಳವು. ಯಾವುದೋ ತರಬೇತಿಗೆಂದು ಪುಣೆಗೆ ಹೋದಾಗ ಫುಟ್‌ಪಾತಿನ ಹಳೆ ಪುಸ್ತಕದವನ ಹತ್ತಿರ ಕೊಂಡು ತಂದಿದ್ದಳು. ಇಸ್ಪೀಟಿಗಿಂತ ಉದ್ದನೆಯ ಎಪ್ಪತ್ತೆಂಟು ಎಲೆ, ಒಂದೊಂದರ ಮೇಲೂ ಒಂದು ಚಿತ್ರ. ಬಟ್ಟಲು, ಕತ್ತಿ, ಕೋಲು, ನಾಣ್ಯ ಎಂದು ನಾಲ್ಕು ಬಣ, ಅವುಗಳ ರಾಜ ರಾಣಿಯರು. ಇವಲ್ಲದೆ ಸೂರ್ಯ, ಚಂದ್ರ, ಗೋಪುರ, ಸಾವು ಮುಂತಾದ ದೊಡ್ಡ ಎಲೆಗಳು ಬೇರೆ. ರವಿವಾರ ನಾವು ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ತಂಗಡಗಿಗೆ ಹೋಗಿ ಕೃಷ್ಣಾ ನದಿಯ ದಂಡೆಯಲ್ಲಿ ಕೂರುತ್ತಿದ್ದೆವು. ಅವಳು ಎಲೆ ಹರಡಿ, ಗಾಳಿಗೆ ಹಾರದಂತೆ ಮೇಲೊಂದು ಕಲ್ಲು ಇಡುತ್ತಿದ್ದಳು. ಕತ್ತಿಯ ರಾಣಿ ಬಂದರೆ ಸಾಕು, ನನ್ನ ಕಡೆ ತಳ್ಳುತ್ತಿದ್ದಳು.

"ಇದು ನೀನ ನೋಡು. ಕತ್ತಿ ಹಿಡಕೊಂಡು ಹೆಂಗ ನೆಟ್ಟಗ ಕುಂತಾಳ. ನಗೂದಿಲ್ಲ, ಒಬ್ಬರ ಮುಂದ ಅಳೂದೂ ಇಲ್ಲ."

"ಕಾಗದದ ಮ್ಯಾಲಿನ ಚಿತ್ರಕ್ಕ ನನ್ನ ಬಗ್ಗೆ ಏನ್ ಗೊತ್ತ?" ಎಂದು ನಾನು ಗದರುತ್ತಿದ್ದೆ. ವಿಜ್ಞಾನ ಕಲಿಸುವವಳು ಇಂಥದ್ದನ್ನು ನಂಬಬಾರದೆಂಬ ಬಿಗಿ ನನಗಿತ್ತು.

"ಚಿತ್ರಕ್ಕ ಏನೂ ಗೊತ್ತಿಲ್ಲ. ನೋಡಾಕಿಗೆ ಗೊತ್ತಿರತೈತಿ" ಎನ್ನುತ್ತಿದ್ದಳು ಅವಳು.

ಹೊರಡುವ ದಿನ ಅವಳ ಟ್ರಂಕು, ಪುಸ್ತಕಗಳು, ಒಗ್ಗರಣೆ ಡಬ್ಬಿ ಕೂಡ ಟಂಟಂ ಆಟೋ ಹತ್ತಿದವು. ಕಾರ್ಡಿನ ಪೆಟ್ಟಿಗೆಯನ್ನು ಮಾತ್ರ ನನ್ನ ಕೈಯಲ್ಲಿಟ್ಟಳು. "ಅಲ್ಲೆ ಅತ್ತಿ ಅದಾರ. ಈ ಅಸ್ತಿಪಂಜರ ಗಿಸ್ತಿಪಂಜರ ನೋಡಿದ್ರ ಸೊಸಿ ಮಾಟ ಮಾಡ್ತಾಳ ಅಂತ ತಿಳಕೋತಾರ. ನಿನ್ನ ಹಂತೇಕ ಇರ್ಲಿ." ನಾನು ಆಗಲಿ ಎಂದೆ. ಬೇಗ ಹೊರಡು, ಬಿಸಿಲು ಏರುತ್ತದೆ ಎಂದೂ ಹೇಳಿದೆ.

ಮೊದಲ ಕೆಲವು ವಾರ ಆ ಪೆಟ್ಟಿಗೆಯನ್ನು ನಾನು ಮುಟ್ಟಲಿಲ್ಲ. ಬೆಳಗ್ಗೆ ಅಭ್ಯಾಸಬಲದಿಂದ ಎರಡು ಕಪ್ ಚಹಾ ಇಡುತ್ತಿದ್ದೆ. ಎರಡನ್ನೂ ನಾನೇ ಕುಡಿಯುತ್ತಿದ್ದೆ. ಕಾಲೇಜಿನಲ್ಲಿ ನಡೆದ ಸಣ್ಣಪುಟ್ಟ ತಮಾಷೆಗಳು ಬಾಯಿಯ ತುದಿಗೆ ಬಂದು ಅಲ್ಲೇ ನಿಲ್ಲುತ್ತಿದ್ದವು. ಕೇಳುವವರಿಲ್ಲದೆ ಒಂದು ವಾರದಲ್ಲಿ ಅವು ಮರೆತೂ ಹೋಗುತ್ತಿದ್ದವು. ಅವಳು ಫೋನು ಮಾಡಿದಾಗ "ಆರಾಮ ಅದೇನಿ" ಎನ್ನುತ್ತಿದ್ದೆ. ಹಿಂದಿನಿಂದ ಯಾರೋ ಅವಳನ್ನು ಕರೆಯುವುದು ಕೇಳುತ್ತಿತ್ತು. "ಆಮೇಲೆ ಮಾಡ್ತೇನಿ" ಎಂದು ಇಡುತ್ತಿದ್ದಳು.

ಒಂದು ಬೆಳಗ್ಗೆ ಸುಮ್ಮನೆ ಪೆಟ್ಟಿಗೆ ತೆರೆದೆ. ಕಲಸಿ ಒಂದು ಎಲೆ ತೆಗೆದೆ. ಐದು ಬಟ್ಟಲು ಬಂತು. ಕಪ್ಪು ನಿಲುವಂಗಿ ಹೊದ್ದ ಒಬ್ಬ ತಲೆ ತಗ್ಗಿಸಿ ನಿಂತಿದ್ದಾನೆ. ಎದುರಿಗೆ ಮೂರು ಬಟ್ಟಲು ಉರುಳಿ ಚೆಲ್ಲಿವೆ, ಬೆನ್ನ ಹಿಂದೆ ಎರಡು ನೆಟ್ಟಗೆ ನಿಂತಿವೆ. ಕಳೆದದ್ದರ ದುಃಖ, ಉಳಿದದ್ದರ ಕಡೆ ಬೀಳದ ಕಣ್ಣು ಎಂದು ಅದರ ಅರ್ಥ. ಅವಳು ಹೇಳುತ್ತಿದ್ದದ್ದು ನೆನಪಿತ್ತು. ನನಗೆ ಉಳಿದ ಎರಡು ಯಾವುವು ಎಂದು ಯೋಚಿಸಿದೆ. ನೌಕರಿ ಹೊಳೆಯಿತು. ಎರಡನೆಯದು ಹೊಳೆಯಲಿಲ್ಲ. ಅಂದು ಕಾಲೇಜಿಗೆ ತಡವಾಯಿತು.

ಅಲ್ಲಿಂದ ಅದೊಂದು ರೂಢಿಯಾಯಿತು. ಚಹಾ ಮುಗಿದ ಮೇಲೆ ಒಂದು ಎಲೆ ತೆಗೆಯುವುದು, ಚಿತ್ರ ನೋಡಿದ ಕೂಡಲೇ ಯಾವ ನೆನಪು ಬಂತು, ಎಲ್ಲಿ ನೋಟ ನಿಂತಿತು, ಯಾವ ಭಾಗವನ್ನು ನೋಡಲು ಮನಸ್ಸಾಗಲಿಲ್ಲ ಎಂದು ನನ್ನನ್ನೇ ಕೇಳಿಕೊಳ್ಳುವುದು. ಸಾವಿನ ಎಲೆ ಬಂದ ದಿನ ಮೊದಲು ಅದನ್ನು ಬೋರಲು ಹಾಕಿದೆ, ಆಮೇಲೆ ತಿರುಗಿಸಿ ನೋಡಿದೆ. ಬಿಳಿ ಕುದುರೆಯ ಮೇಲೆ ಕೂತ ಅಸ್ಥಿಪಂಜರದ ಹಿಂದೆ, ದೂರದಲ್ಲಿ ಸೂರ್ಯ ಕಂಡ. ಒಂದು ಮುಗಿದು ಇನ್ನೊಂದು ಶುರುವಾಗುವುದು ಎಂದು ಅದರ ಅರ್ಥವಂತೆ. ನನಗೆ ಮುಗಿದದ್ದು ಮಾತ್ರ ತಿಳಿಯುತ್ತಿತ್ತು. ಲಾಂದ್ರ ಹಿಡಿದು ಹಿಮದ ಬೆಟ್ಟದ ತುದಿಯಲ್ಲಿ ನಿಂತ ಮುದುಕ ಸನ್ಯಾಸಿಯ ಎಲೆ ಬಂದಾಗ ಸಿಟ್ಟು ಬಂತು. ಏಕಾಂತದಲ್ಲಿ ತನ್ನ ಬೆಳಕನ್ನು ತಾನೇ ಕಾಣುವುದು ಎಂಬ ಅರ್ಥ, ತಾನೇ ಬೇಕೆಂದು ಬೆಟ್ಟ ಹತ್ತಿದವನಿಗೆ ಸರಿ. ನಾನು ಹತ್ತಿರಲಿಲ್ಲ, ಅಲ್ಲೇ ಉಳಿದಿದ್ದೆ.

ಹೀಗೆ ಚೆನ್ನಾಗಿಯೇ ನಡೆದಿತ್ತು. ಆಮೇಲೆ ನಾನು ಕೆಡಿಸಿದೆ. ನನ್ನ ಬಗ್ಗೆ ಕೇಳಿಕೊಳ್ಳುವುದನ್ನು ಬಿಟ್ಟು ಅವಳ ಬಗ್ಗೆ ಕೇಳತೊಡಗಿದೆ. ಅವಳು ಅಲ್ಲಿ ಸುಖವಾಗಿದ್ದಾಳೆಯೇ? ನನ್ನನ್ನು ನೆನೆಯುತ್ತಾಳೆಯೇ? ವಾಪಸು ಬರುತ್ತಾಳೆಯೇ? ಸೂರ್ಯ ಬಂದರೆ ಮತ್ತೆ ಕಲಸುತ್ತಿದ್ದೆ. ಗೋಪುರ ಮುರಿದುಬೀಳುವ ಎಲೆಯೋ, ಹಾಸಿಗೆಯಲ್ಲಿ ಎದ್ದು ಕೂತು ಮುಖ ಮುಚ್ಚಿಕೊಂಡ ಹೆಂಗಸಿನ ಎಲೆಯೋ ಬರುವ ತನಕ ಬಿಡುತ್ತಿರಲಿಲ್ಲ. ಬಂದರೆ ಒಂಥರಾ ಸಮಾಧಾನವಾಗುತ್ತಿತ್ತು. ಆ ಸಮಾಧಾನದ ಹೆಸರು ಏನೆಂದು ನನಗೆ ಗೊತ್ತಿತ್ತು. ಹೇಳಿಕೊಳ್ಳುತ್ತಿರಲಿಲ್ಲ, ಅಷ್ಟೇ.

ಅಂಥ ಒಂದು ರವಿವಾರ, ಎಲೆಗಳನ್ನು ಚಾಪೆಯ ತುಂಬ ಹರಡಿಕೊಂಡು ಕೂತಿದ್ದಾಗ ಖಾಲಾ ಬಿಸಿ ರೊಟ್ಟಿ ಹಿಡಿದು ಮೇಲೆ ಬಂದರು.

"ಇಸ್ಪೀಟೇನ್ರಿ ಮೇಡಮ್ಮಾರ? ಒಬ್ಬರ ಆಡಾಕತ್ತೀರಲ್ಲ?"

"ಇಸ್ಪೀಟಲ್ರಿ ಖಾಲಾ. ಚಿತ್ರ ನೋಡಿ ವಿಚಾರ ಮಾಡೂ ಕಾರ್ಡು."

"ಮುಂದಿಂದು ಹೇಳ್ತಾವೇನ್ರಿ? ನಮ್ಮೊಳಗ ಅದು ಬ್ಯಾಡ ಅಂತಾರ್ರಿ."

"ಇಲ್ರಿ, ಮುಂದಿಂದು ಏನೂ ಹೇಳೂದಿಲ್ಲ" ಎಂದೆ. ಅಷ್ಟು ದಿನ ಮುಂದಿನದನ್ನೇ ಕೇಳುತ್ತಿದ್ದವಳ ಬಾಯಿಂದ ಆ ಮಾತು ಸಲೀಸಾಗಿ ಬಂತು.

"ಹಂಗಾದ್ರ ನೋಡೂಣು" ಎಂದು ಖಾಲಾ ಕೂತರು. ಕನ್ನಡಕ ಏರಿಸಿ ಐದು ಬಟ್ಟಲಿನ ಎಲೆ ಎತ್ತಿಕೊಂಡರು. "ಅಯ್ಯ, ಪಾಪ, ಚಾ ಚೆಲ್ಲ್ಯಾನಲ್ರಿ!" ಎಂದರು. ನಾನು ಜೋರಾಗಿ ನಕ್ಕೆ. ನಗುತ್ತಿದ್ದಂತೆ ಅವರು ನನ್ನ ಮುಖ ನೋಡಿ ಹೇಳಿದರು:

"ಭಾಳ ದಿನಾ ಆತು ನೋಡ್ರಿ, ಮ್ಯಾಲೆ ನಗೂ ಸಪ್ಪಳ ಕೇಳಿ. ಆ ಮೇಡಮ್ಮಾರು ಹೋದಾಗಿಂದ ನನಗೂ ಭಣಭಣ ಅನಸ್ತೈತ್ರಿ. ನಿಮಗ ಹೆಂಗಾಗಿರಬೇಕು."

ಇಷ್ಟು ತಿಂಗಳಲ್ಲಿ ಆ ಪ್ರಶ್ನೆ ಕೇಳಿದವರು ಅವರೊಬ್ಬರೇ. ರೊಟ್ಟಿಯ ತಾಟು ಒಳಗಿಡುವ ನೆಪದಲ್ಲಿ ಎದ್ದು ಹೋದೆ. ಅವರು ಇಳಿದುಹೋದ ಮೇಲೆ ಅಡುಗೆ ಕಟ್ಟೆಗೆ ಆನಿಕೊಂಡು ತುಂಬ ಹೊತ್ತು ಅತ್ತೆ. ಆಮೇಲೆ ಫೋನು ಎತ್ತಿ, ಮುಂದಿನ ರವಿವಾರ ಬರುತ್ತೇನೆ ಎಂದು ಅವಳಿಗೆ ತಿಳಿಸಿದೆ.

ಬಸ್ಸಿನಲ್ಲಿ ಕಾರ್ಡಿನ ಪೆಟ್ಟಿಗೆ ನನ್ನ ಚೀಲದಲ್ಲಿತ್ತು. ಅವಳು ಸೊರಗಿರುತ್ತಾಳೆ, ಬಾಗಿಲಲ್ಲೇ ಕಣ್ಣೀರು ಹಾಕುತ್ತಾಳೆ, ನಾನು ಸಮಾಧಾನ ಮಾಡಬೇಕಾಗುತ್ತದೆ ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ. ಅವಳು ಸೊರಗಿರಲಿಲ್ಲ. ಸ್ವಲ್ಪ ದಪ್ಪವಾಗಿದ್ದಳು, ಅದು ಅವಳಿಗೆ ಒಪ್ಪಿತ್ತು. ಗಂಡ ಗೊಬ್ಬರದ ಅಂಗಡಿಯಿಂದ ಬಂದು ಕೈಮುಗಿದು, "ಊಟ ಮಾಡಿ ಹೋಗಬೇಕ್ರಿ ಮತ್ತ" ಎಂದು ಹೇಳಿ ಹೋದ. ಅತ್ತೆ ತಮ್ಮ ಕೈಯಾರೆ ಹೋಳಿಗೆ ಬಡಿಸಿ, "ನಮ್ಮ ಸೊಸಿ ದಿನಾ ನಿಮ್ಮ ಹೆಸರು ತಗೀತಾಳ್ರಿ" ಎಂದರು. ದೂರು ಹೇಳಲು ಆ ಮನೆಯಲ್ಲಿ ನನಗೆ ಏನೂ ಸಿಗಲಿಲ್ಲ.

ಊಟವಾದ ಮೇಲೆ ಅವಳು ನನ್ನನ್ನು ಮಾಳಿಗೆಗೆ ಕರೆದುಕೊಂಡು ಹೋದಳು. ಒಣಹಾಕಿದ ಶಾವಿಗೆಯ ಪಕ್ಕ, ಗೋಡೆಯ ನೆರಳಿನಲ್ಲಿ ಕೂತೆವು. ಪೆಟ್ಟಿಗೆ ತೆಗೆದು ಕೊಟ್ಟೆ. ಅವಳು ಮಕ್ಕಳಂತೆ ಖುಷಿಪಟ್ಟು ಕಲಸಿ ಒಂದು ಎಲೆ ತೆಗೆದಳು. ಎಂಟು ಬಟ್ಟಲು.

"ಇದರ ಅರ್ಥ ಏನಿತ್ತ? ಮರ್ತೇ ಹೋತು ನೋಡು" ಎಂದಳು.

ಎಲ್ಲ ಅರ್ಥವನ್ನೂ ನನಗೆ ಕಲಿಸಿದವಳು ಅವಳು. ಈಗ ನಾನು ಹೇಳಬೇಕಾಯಿತು. "ತಾನ ಕೂಡಿಸಿಟ್ಟದ್ದನ್ನ ಬಿಟ್ಟು ಒಬ್ಬರು ಹೊರಟಾರ. ಏನೋ ಕಮ್ಮಿ ಐತಿ ಅನಸೇತಿ, ಅದನ್ನ ಹುಡುಕ್ಕೋತ ಗುಡ್ಡದ ಕಡೆ ಹೊಂಟಾರ. ನಾ ಈ ಕಾರ್ಡ್ ಬಂದಾಗೊಮ್ಮೆ ಬಟ್ಟಲಾ ಅಷ್ಟ ನೋಡ್ತೇನಿ. ಹಿಂದ ಉಳದಾವಲ್ಲ, ಅವನ್ನ."

ಅವಳು ಎಲೆಯನ್ನು ಕಣ್ಣಿನ ಹತ್ತಿರ ಹಿಡಿದಳು. "ನಾ ಹೋಗೂರನ್ನ ನೋಡಾಕತ್ತೇನಿ. ಬೆನ್ನ ಅಷ್ಟ ಕಾಣತೈತಿ, ಮಾರಿ ಕಾಣೂದಿಲ್ಲ. ಅಳಾಕತ್ತಾರೋ ಏನೋ, ಯಾರಿಗೆ ಗೊತ್ತಾಗಬೇಕು?"

ಕೆಳಗೆ ಯಾರೋ ನಲ್ಲಿ ತಿರುಗಿಸಿದರು. ಕೊಡಕ್ಕೆ ನೀರು ಬೀಳುವ ಸಪ್ಪಳ ಕೇಳುತ್ತಿತ್ತು. ಅವಳು ಎಲೆಯಿಂದ ಕಣ್ಣೆತ್ತದೆ ಮುಂದುವರಿಸಿದಳು.

"ಗಂಡು ಬಂದೈತಿ, ಹೂಂ ಅನ್ಲೇನು ಅಂತ ನಾ ಕೇಳಿದಾಗ ನೀ ಚಲೋ ಆತು ಅಂದಿ. ಮಾರನೇ ದಿನದಿಂದ ಸೀರಿ ಆರಸಾಕ ನಿಂತಿ. ಒಂದ್ ಸಲರೇ ಬ್ಯಾಡ ಅನ್ಲಿಲ್ಲ."

"ಬ್ಯಾಡ ಅಂದಿದ್ರ ಇರ್ತಿದ್ದೇನು?"

ಅವಳು ಯೋಚಿಸಿದಳು. ಸುಳ್ಳು ಹೇಳಲಿಲ್ಲ. "ಇಲ್ಲ. ಹೋಗ್ತಿದ್ದೆ. ನನಗ ಮನಿ, ಮಂದಿ ಬೇಕಾಗಿತ್ತು. ಆದರ ನೀ ಬ್ಯಾಡ ಅಂತಿ ಅಂತ ಕಾಯ್ದೆ. ಇಷ್ಟು ವರ್ಷ ಕೂಡಿ ಇದ್ದು, ಈಕಿಗೆ ನಾ ಹ್ವಾದ್ರೂ ನಡೀತೈತಿ ಅನಸ್ತು ನನಗ."

"ನಾ ಯಾರು ಬ್ಯಾಡ ಅನ್ನಾಕ? ಅಕ್ಕ ಅಲ್ಲ, ತಂಗಿ ಅಲ್ಲ."

"ಅದೂ ಖರೇನ" ಎಂದಳು. ನನ್ನ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡಳು. ನೀನಿಲ್ಲದೆ ನನಗೆ ಮನೆ ಮನೆಯಂತಿಲ್ಲ ಎಂದು ನಾನು ಹೇಳಿದೆ. ಸಣ್ಣ ದನಿಯಲ್ಲಿ, ಶಾವಿಗೆಯ ಕಡೆ ನೋಡುತ್ತ ಹೇಳಿದೆ. ಅವಳು ಅತ್ತಳು. ನಾನೂ ಅತ್ತೆ. ಅವಳ ಅತ್ತೆ ಮೆಟ್ಟಿಲ ಕೆಳಗಿನಿಂದ ಚಹಾಕ್ಕೆ ಕರೆದಾಗ ಇಬ್ಬರೂ ಗಡಬಡಿಸಿ ಸೆರಗಿನಿಂದ ಮುಖ ಒರೆಸಿಕೊಂಡೆವು.

ಅವಳು ಅಂದು ನನ್ನ ಜೊತೆ ವಾಪಸು ಬರಲಿಲ್ಲ. ಬರುವ ಮಾತೂ ಇರಲಿಲ್ಲ. ಕಾರ್ಡಿನ ಪೆಟ್ಟಿಗೆಯನ್ನು ಮಾತ್ರ ಮತ್ತೆ ನನ್ನ ಚೀಲಕ್ಕೇ ಹಾಕಿ ಕಳಿಸಿದಳು. ತೊಗರಿ ಹೊಲಗಳ ನಡುವೆ ಬಸ್ಸು ಹೋಗುತ್ತಿದ್ದಾಗ ನನಗೆ ಹಗುರವೇನೂ ಅನಿಸಲಿಲ್ಲ. ಹೋಗುವಾಗ ಎಷ್ಟು ಒಂಟಿಯಾಗಿದ್ದೆನೋ ಬರುವಾಗಲೂ ಅಷ್ಟೇ ಒಂಟಿಯಾಗಿದ್ದೆ. ಆದರೆ ಅವಳು ದುಃಖದಲ್ಲಿರಲಿ ಎಂಬ ಆಸೆ ಹೋಗಿತ್ತು. ಅದರ ನಂತರ ನಾನು ಅವಳ ಬಗ್ಗೆ ಎಲೆ ತೆಗೆಯಲಿಲ್ಲ. ಯಾವ ಎಲೆ ಬಂದರೂ ಮತ್ತೆ ಕಲಸಲಿಲ್ಲ. ಬೇಡವಾದ ಎಲೆ ಬಂದ ದಿನ ಅದರ ಮುಂದೆ ಇನ್ನೂ ಸ್ವಲ್ಪ ಹೊತ್ತು ಕೂರುವುದನ್ನು ಕಲಿತೆ. ಯಾರಿಗೂ ಭವಿಷ್ಯ ಹೇಳುವುದಿಲ್ಲ. ಅದು ನನಗೆ ತಿಳಿಯದು. ಚಿತ್ರ ಎದುರಿಗಿದ್ದರೆ ನನಗೆ ನಾನು ಸುಳ್ಳು ಹೇಳಿಕೊಳ್ಳುವುದು ಸ್ವಲ್ಪ ಕಷ್ಟವಾಗುತ್ತದೆ. ಅಷ್ಟೇ ಅದರ ಉಪಯೋಗ.

ಹೋದ ವರ್ಷ ನನಗೆ ಸಿಂದಗಿಗೆ ವರ್ಗವಾಯಿತು. ಇಲ್ಲಿ ಗುರುತಿನವರು ಕಡಿಮೆ. ಗೆಳತಿಯ ಫೋನು ಮೊದಲಿನಷ್ಟು ಬರುವುದಿಲ್ಲ. ಅವಳಿಗೆ ಗಂಡನ ಸಕ್ಕರೆ ಕಾಯಿಲೆ, ನಾದಿನಿಯ ಮನೆಯ ಕಾರ್ಯ, ಹೀಗೆ ಏನಾದರೊಂದು ಇದ್ದೇ ಇರುತ್ತದೆ. ನಾನು ಮಾಡಿದರೆ ಖುಷಿಯಿಂದ ಮಾತಾಡುತ್ತಾಳೆ. ಸಂಜೆ ಕೀಲಿ ತೆಗೆದು ಒಳಗೆ ಹೋದರೆ ಬೆಳಗ್ಗೆ ಬಿಟ್ಟ ಮನೆಯೊಳಗಿನ ಚಪ್ಪಲಿ ಬಿಟ್ಟಲ್ಲೇ ಇರುತ್ತದೆ. ಸಪ್ಪಳಕ್ಕೆಂದು ಟಿವಿ ಹಚ್ಚುವುದನ್ನು ನಿಲ್ಲಿಸಿದ್ದೇನೆ.

ಮೊನ್ನೆ ಎದುರುಮನೆಯ ಹೆಂಗಸು ತಲೆಯ ಮೇಲೆ ಡಬ್ಬಿ ಹೊತ್ತು ಹಿಟ್ಟಿನ ಗಿರಣಿಗೆ ಹೊರಟವಳು, ನನ್ನ ಬಾಗಿಲ ಮುಂದೆ ನಿಂತು, "ಗಿರಣಿಗೆ ಹೊಂಟೇನ್ರಿ. ಬರ್ತೀರೇನ?" ಎಂದಳು. ಮನೆಯಲ್ಲಿ ವಾರಕ್ಕಾಗುವಷ್ಟು ಹಿಟ್ಟಿತ್ತು.

"ನಿಲ್ರಿ, ಬಂದೆ" ಎಂದು ಒಳಗೆ ಹೋಗಿ ಜೋಳ ಅಳೆದು ಚೀಲಕ್ಕೆ ಹಾಕಿಕೊಂಡೆ.