ಕಡಲಾಚೆ ದುರಸ್ತಿಯಾದ ಗ್ರೈಂಡರು

ಚಳ್ಳಕೆರೆಯ ಕಂಬಳಿ ನೇಯುವವರ ಕೇರಿಯಲ್ಲಿ ಕರಿಯಕ್ಕನಷ್ಟು ಮರ್ಯಾದಸ್ಥೆ ಇನ್ನೊಬ್ಬಳಿಲ್ಲ. ಗಂಡ ಸತ್ತಾಗ ಮಾತಾಡಿಸಲು ಬಂದವರಿಗೂ "ಚೆನ್ನಾಗಿದ್ದೀನಪ್ಪ, ನೀವು ಚೆನ್ನಾಗಿದ್ದೀರಾ?" ಎಂದು ಕೇಳಿ, ಆಮೇಲೆ ಅತ್ತವಳು. ಮೊದಲು ಕ್ಷೇಮ, ಆಮೇಲೆ ಕಷ್ಟ. ಅವಳ ತವರಿನ ಪದ್ಧತಿ ಅದು. ಅದೇ ಅವಳ ಗ್ರೈಂಡರಿಗೆ ಮುಳುವಾಯಿತು.

ಕಂಬಳಿಯ ನೂಲನ್ನು ಬೀದಿಯುದ್ದಕ್ಕೆ ಎಳೆದು ಕಟ್ಟಿ, ಹುಣಸೆಬೀಜ ಅರೆದು ಕಾಯಿಸಿದ ಗಂಜಿ ಹಚ್ಚಬೇಕು. ಇಲ್ಲದಿದ್ದರೆ ನೂಲು ಮಗ್ಗದಲ್ಲಿ ನಿಲ್ಲುವುದಿಲ್ಲ. ರಟ್ಟೆ ಸೋತ ಮೇಲೆ ಕರಿಯಕ್ಕ ಬೀಜ ಅರೆಯಲು ಗ್ರೈಂಡರು ತಂದಿದ್ದಳು. ಹನುಮಣ್ಣನ ಮಗಳ ಮದುವೆಯ ಹಸೆಗೆ ಶುಕ್ರವಾರ ಕಂಬಳಿ ಕೊಡುತ್ತೇನೆಂದು ಮಾತು ಕೊಟ್ಟ ವಾರವೇ ಅದು ಗೊರ್ರೆಂದು ನಿಂತಿತು. "ಆಗದಿದ್ರೆ ಹೇಳಕ್ಕ, ಅಂಗಡಿಯಿಂದ ಮಿಲ್ಲಿನ ರಗ್ಗು ತರ್ತೀನಿ" ಎಂದ ಹನುಮಣ್ಣ. ಅವಳ ಕೈ ಕಂಬಳಿಯಿಲ್ಲದೆ ಆ ಮನೆಯಲ್ಲಿ ಒಂದು ಮದುವೆಯೂ ಆಗಿರಲಿಲ್ಲ.

ಮೊದಲಾದರೆ ಗ್ರೈಂಡರು ಕೊಂಡ ಅಂಗಡಿಯ ಮೆಟ್ಟಿಲ ಮೇಲೆ ಕಂಪನಿಯ ರಿಪೇರಿಯವ ಮಾರಣ್ಣ ಕೂತಿರುತ್ತಿದ್ದ. ಬೀಡಿ ಮುಗಿಯುವುದರೊಳಗೆ ರಿಪೇರಿ. ಈಗ ಕಂಪನಿ ಅವನನ್ನು ಬಿಡಿಸಿದೆ, ಅವನು ಮೊಳಕಾಲ್ಮೂರಿನ ಸೀರೆ ಅಂಗಡಿಯೊಂದಕ್ಕೆ ಕಾವಲು. ದೂರು ಕೇಳುವ ಕೆಲಸ ಹೊರದೇಶಕ್ಕೆ ಹೋಗಿದೆ, ಅಲ್ಲಿ ಅಗ್ಗವಂತೆ. ಮಾರಣ್ಣನಿಗಿಂತ ಅಗ್ಗಕ್ಕೆ ಬದುಕುವವರು ಕಡಲಾಚೆ ಇದ್ದಾರೆಂದು ಕೇಳಿ ಕರಿಯಕ್ಕನಿಗೆ ಮರುಕವೇ ಬಂತು.

ಗೋವಾದ ಹೋಟೆಲಿನಲ್ಲಿ ತಟ್ಟೆ ಎತ್ತಿ ಇಂಗ್ಲಿಷ್ ಕಲಿತಿದ್ದ ಪಕ್ಕದ ಮನೆಯ ದುರುಗೇಶ್ ಫೋನು ಹಚ್ಚಿದ. ಕಂಪನಿಯ ಹಾಡು ಬಾಯಿಪಾಠವಾಗುವಷ್ಟು ಹೊತ್ತು ಕೇಳಿಸಿ, ಕೊನೆಗೆ ಒಬ್ಬಳು ಹುಡುಗಿ ಲೈನಿಗೆ ಬಂದಳು.

"ಹೆಂಗಿದ್ದೀರಿ, ಎಲ್ಲಾ ಸರಿಯಾಗೈತಾ ಅಂತಾಳಕ್ಕ."

"ಪಾಪ, ಎಲ್ಲಿಂದಲೋ ಕೇಳ್ತೈತೆ ಮಗಾ. ಎಲ್ಲಾ ಚೆನ್ನಾಗೈತೆ, ನೀನು ಉಂಡ್ಯಾ ಅಂತ ಕೇಳು."

ದುರುಗೇಶ್ ನಿಯತ್ತಿನಿಂದ ಹಾಗೇ ಹೇಳಿದ. ಹುಡುಗಿ ಸಂತೋಷಪಟ್ಟು ಫೋನು ಇಟ್ಟಳು. ಕೂಡಲೇ ಮೆಸೇಜು ಬಂತು: ನಿಮ್ಮ ದೂರು ಪರಿಹಾರವಾಗಿದೆ.

"ಮುಟ್ಟದೇನೇ ರಿಪೇರಿ ಮಾಡ್ಯಾಳೆ ನೋಡು" ಎಂದಳು ಜಗಲಿಯಲ್ಲಿದ್ದ ಪಾಪಕ್ಕ, ಇವಳ ವಾರಗಿತ್ತಿ. "ನಮ್ಮ ಮಾರಣ್ಣಂಗೆ ಈ ವಿದ್ಯೆ ಎಲ್ಲಿ ಬರ್ಬೇಕು."

ಮಾರನೆಯ ದಿನ ಬೇರೆ ದನಿ, ಅದೇ ಪ್ರಶ್ನೆ. "ಈ ಸಲ ಕ್ಷೇಮ ಗೀಮ ಬ್ಯಾಡಕ್ಕ" ಎಂದ ದುರುಗೇಶ್. ಆದರೆ ಪರದೇಶದ ಮಗು ಬಾಯಿ ತುಂಬ ವಿಚಾರಿಸುವಾಗ ಹೇಗೆ ಮೂತಿ ತಿರುಗಿಸುವುದು? ಗ್ರೈಂಡರು ಎರಡನೆಯ ಸಲವೂ ಪರಿಹಾರವಾಯಿತು. ಸ್ವಿಚ್ಚು ಹಾಕಿದರೆ ಮಾತ್ರ ತಿರುಗಲೊಲ್ಲದು.

ಬುಧವಾರ ಬೆಳಿಗ್ಗೆ ಪಾಪಕ್ಕ ಹಿತ್ತಲ ಒರಳನ್ನು ತೊಳೆದಳು. "ಬಾ, ನಿನ್ನ ರಟ್ಟೆಗೆ ನನ್ನ ರಟ್ಟೆ ಸೇರಿಸ್ತೀನಿ." ಇಬ್ಬರೂ ಕೂತು ಅರೆಯುತ್ತಿರುವಾಗ ಕಂಪನಿಯೇ ಫೋನು ಮಾಡಿತು. ನಮ್ಮ ಸೇವೆ ಹೇಗಿತ್ತು ಎಂದು ಕೇಳಬೇಕಿತ್ತಂತೆ. ದುರುಗೇಶ್ ಫೋನನ್ನು ಕರಿಯಕ್ಕನ ಕಿವಿಗೆ ಹಿಡಿದ. ಮೊಣಕೈವರೆಗೂ ಅಂಟು, ಭುಜ ಸಿಡಿಯುತ್ತಿತ್ತು.

"ಚೆನ್ನಾಗಿಲ್ಲ ತಾಯಿ" ಎಂದಳು ಕರಿಯಕ್ಕ. "ಏನೂ ಚೆನ್ನಾಗಿಲ್ಲ."

ದುರುಗೇಶ್ ಅದನ್ನೇ ಇಂಗ್ಲಿಷಿನಲ್ಲಿ ಹೇಳಿದ. ಆ ಕಡೆಯ ಹುಡುಗಿ ರಿಪೇರಿಯವನನ್ನು ಕಳಿಸುತ್ತೇವೆಂದಳು. ಯಾರಿಗೋ ಬೈದ ಹಾಗಾಯಿತೆಂದು ಕರಿಯಕ್ಕ ಅವತ್ತು ಸರಿಯಾಗಿ ಊಟ ಮಾಡಲಿಲ್ಲ.

ಶುಕ್ರವಾರ ಹನುಮಣ್ಣನ ಮಗಳು ಒರಳಿನ ಗಂಜಿ ಹಚ್ಚಿ ನೇಯ್ದ ಕಂಬಳಿಯ ಮೇಲೆ ಕೂತಳು. ಕಂಪನಿಯವನು ಇವತ್ತೋ ನಾಳೆಯೋ ಬರುತ್ತಾನೆ. ದೂರದಿಂದ ಬರುವವನಿಗೆ ಕಾಫಿಯಾದರೂ ಕೊಡಬೇಡವೇ ಎಂದು ಕರಿಯಕ್ಕ ದಿನಾ ಬೆಳಿಗ್ಗೆ ಹಾಲು ಎತ್ತಿಡುತ್ತಾಳೆ. ಸಂಜೆಗೆ ಅದಕ್ಕೆ ಹೆಪ್ಪು ಹಾಕುತ್ತಾಳೆ. ಮನೆಯಲ್ಲಿ ಮೊಸರಿಗೇನೂ ಬರವಿಲ್ಲ.