ಐಸ್ ಪೆಟ್ಟಿಗೆ ತರುತ್ತಿದ್ದವರು

ಮಾರ್ಚ್‌ನ ಒಂದು ಸೋಮವಾರ, ಮಧ್ಯಾಹ್ನ ಹನ್ನೆರಡೂವರೆ. ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ನಾನು ಮತ್ತು ರಾಯಚೂರು ಕಡೆಯ ಒಬ್ಬ ಸಾಗಣೆಗಾರರು, ಇಬ್ಬರೇ. ಆಸ್ಪತ್ರೆಯಿಂದ ರೋಗಿಗಳ ಕ್ಯಾನ್ಸರ್ ಗೆಡ್ಡೆಯ ಚೂರುಗಳನ್ನು ಐಸ್ ಪೆಟ್ಟಿಗೆಯಲ್ಲಿ ತರುವುದು ಅವರ ಕೆಲಸ. ದಿನವೂ ಮುಚ್ಚಳ ತೆರೆದು, ಸ್ವೀಕೃತಿ ಪುಸ್ತಕ ಮುಂದಿಟ್ಟು, "ಕೈ ಇಟ್ಟು ನೋಡ್ರಿ, ಆಮ್ಯಾಲೆ ಸಹಿ ಮಾಡ್ರಿ" ಎನ್ನುತ್ತಿದ್ದರು.

ಅಂದು ನಗರದ ಹೈಟೆಕ್ ಸಿಟಿ ಬಡಾವಣೆಯ ಮೇಲ್ಸೇತುವೆ ಕಾಮಗಾರಿಯಲ್ಲಿ ಅವರ ಆಟೊ ಮೂರು ಗಂಟೆ ಸಿಕ್ಕಿಕೊಂಡಿತ್ತು.

"ಐಸ್ ಕರಗೈತ್ರಿ."

ಅಂದು ತಂದ ಚೂರಿನ ಮೇಲೆ ಪರೀಕ್ಷೆ ನಡೆಸಿ ಒಬ್ಬ ತಾಯಿಗೆ ಔಷಧ ಆರಿಸಬೇಕಿತ್ತು. ಹೊಸ ಚೂರು ತೆಗೆಯೋಣವೆಂದರೆ ಆಕೆ ಇನ್ನೊಂದು ಶಸ್ತ್ರಚಿಕಿತ್ಸೆ ತಾಳುವಂತಿರಲಿಲ್ಲ.

"ತಣ್ಣಗಿತ್ತು ಅಂತ ಬರೆದುಬಿಡ್ತೀನಿ," ಎಂದೆ.

"ಬ್ಯಾಡ್ರಿ ಸಾಹೇಬ್ರ. ಕೆಟ್ಟ ಚೂರು ತಪ್ಪು ಔಷಧ ಹೇಳ್ತೈತಿ. ಕೈ ಇಟ್ಟು ನೋಡ್ರಿ."

ಕೈ ಇಟ್ಟೆ. ನೀರು ಬೆಚ್ಚಗಿತ್ತು. 'ತಿರಸ್ಕೃತ' ಎಂದು ಬರೆದು ಸಹಿ ಮಾಡಿದೆ.

"ಆಸ್ಪತ್ರೆಯಲ್ಲಿ ಕಾಯ್ತಿರೋ ಆಕೆಯ ಮಗಳಿಗೆ ಯಾರು ಹೇಳ್ತಾರೆ?" ಎಂದೆ.

"ತಂದಾಂವ ನಾನು. ನಾನ ಹೇಳ್ತೀನ್ರಿ."

ಪೆಟ್ಟಿಗೆ ತೊಳೆದು, ಒರೆಸಿ, ಆಸ್ಪತ್ರೆಗೆ ಹೊರಟರು.